ಬಕೆಟ್ಟಿನಲ್ಲಿ ಬಟಾಣಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಯಾವ ವಿಷಯ ಮಾತಾಡ್ತೀರಿ ಮೇಡಂ" ಎಂದು ಕೇಳಿದರು. ಬಟಾಣಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಅವರು, "ಶಾಲೆಗೂ ಬಟಾಣಿಗೂ ಏನು ಸಂಬಂಧ ಮೇಡಂ?" ಎಂದರು. ಸಂಬಂಧ ಇದೆ. ಹತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಅನುವಂಶೀಯತೆಯ ಪಾಠವಿದೆಯಲ್ಲ, ಅದರ ನಾಯಕನೇ ಬಟಾಣಿ ಗಿಡ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೀವಶಾಸ್ತ್ರ ಪಾಠ ಮಾಡಿದವಳು. ಎತ್ತರ, ಗಿಡ್ಡ, ಗುಂಡು, ಸುಕ್ಕು, ಮೂರಕ್ಕೆ ಒಂದು ಎಂದು ಚೌಕ ಹಾಕಿ ತೋರಿಸದ ವರ್ಷವಿಲ್ಲ. ಮಕ್ಕಳೂ ಅಚ್ಚುಕಟ್ಟಾಗಿ ಬರೆಯುತ್ತಿದ್ದರು. "ಬಟಾಣಿ ಹೂವನ್ನು ನೋಡಿದವರು ಯಾರು?" ಎಂದು ಕೇಳಿದರೆ ಒಂದು ಕೈಯೂ ಮೇಲೇಳುತ್ತಿರಲಿಲ್ಲ. ಹೆಚ್ಚಿನವರು ರೈತರ ಮಕ್ಕಳೇ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಹಾಸನ ಎಂದರೆ ಆಲೂಗಡ್ಡೆ, ಅರಕಲಗೂಡು ಎಂದರೆ ಹೊಗೆಸೊಪ್ಪು, ಚನ್ನರಾಯಪಟ್ಟಣ ಎಂದರೆ ತೆಂಗು, ಹೊಳೆನರಸೀಪುರದ ಕಡೆ ನಾಲೆ ಹರಿದಲ್ಲಿ ಭತ್ತ, ಹರಿಯದಲ್ಲಿ ರಾಗಿ. ಬಟಾಣಿ ನಮ್ಮ ಹೊಲದ ಬೆಳೆಯಾಗಿರಲಿಲ್ಲ. ನಮ್ಮದು ಅವರೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದೆವು. ಈಗ ರಾಗಿಯನ್ನು ಯಂತ್ರ ಕೊಯ್ಯುತ್ತದೆ, ಅದಕ್ಕೆ ಅಕ್ಕಡಿ ಸಾಲು ಅಡ್ಡಿ. ಕೆಲವರು ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದಾರೆ. ಹಿತ್ತಲಿದ್ದ ಜಾಗದಲ್ಲಿ ಕಾರಿನ ಶೆಡ್ ಎದ್ದಿದೆ. ತರಕಾರಿ ಗಾಡಿ ಮೈಕ್ ಹಾಕಿಕೊಂಡು ಊರೊಳಗೇ ಬರುತ್ತದೆ, ನಾವು ಬಾಗಿಲಲ್ಲಿ ನಿಂತು ಕೊಳ್ಳುತ್ತೇವೆ. ಪೇಟೆಯ ಮನೆಗೂ ಹಳ್ಳಿಯ ಮನೆಗೂ ಈ ವಿಷಯದಲ್ಲಿ ಈಗ ಅಂಥ ವ್ಯತ್ಯಾಸವಿಲ್ಲ. ಆದ್ದರಿಂದ ಕುಂಡದ ಮಾತು ಪೇಟೆಯವರ ಶೋಕಿ ಎಂದು ಊರಿನವರು ತಳ್ಳಿಹಾಕಬಾರದು.

ನಾನು ಇದಕ್ಕೆ ಕೈಹಾಕಿದ್ದು ಪಾಠಕ್ಕಾಗಿ ಅಲ್ಲ, ನಮ್ಮ ಅವ್ವನಿಗಾಗಿ. ಅಪ್ಪ ಹೋದ ಮೇಲೆ ಅವ್ವನನ್ನು ಹಾಸನಕ್ಕೆ ಕರೆತಂದೆ. ಮೊದಲನೇ ಮಹಡಿಯ ಮನೆ. ಎಂಟು ದಿನ ಚೆನ್ನಾಗಿದ್ದರು. ಆಮೇಲೆ ಮಾತು ಕಡಿಮೆಯಾಯಿತು. ಟಿ.ವಿ. ಹಾಕಿದರೆ ನೋಡುತ್ತಾರೆ, ತೆಗೆದರೆ ಗೋಡೆ ನೋಡುತ್ತಾರೆ. ಅರವತ್ತು ವರ್ಷ ಕಳೆ ಕಿತ್ತು, ನಾಟಿ ಹಾಕಿ, ಕಾಳು ಬಡಿದ ಕೈ ಅದು. ಸುಮ್ಮನೆ ಸೆರಗಿನ ಅಂಚು ಮಡಿಸುತ್ತಾ ಬಿಚ್ಚುತ್ತಾ ಕೂತಿರುತ್ತಿತ್ತು. ಡಾಕ್ಟರಿಗೆ ತೋರಿಸಿದೆವು. ರಕ್ತದೊತ್ತಡ ಸರಿಯಾಗಿದೆ, ಸಕ್ಕರೆ ಸರಿಯಾಗಿದೆ ಎಂದರು. ಅದೇ ವಾರ ಎದುರು ಮನೆಗೆ ಬಣ್ಣ ಹೊಡೆಸಿದರು. ಇಪ್ಪತ್ತು ಲೀಟರಿನ ನಾಲ್ಕು ಖಾಲಿ ಬಕೆಟ್ ಹೊರಗಿಟ್ಟಿದ್ದರು. ಕೇಳಿ ತಂದೆ. ತಾರಸಿಗೆ ಒಯ್ದು ಬಟಾಣಿ ಹಾಕೋಣ ಎಂದಾಗ ಅವ್ವ ಹೇಳಿದ್ದು ಇಷ್ಟೇ: "ಬಕೀಟ್ನಾಗೆ ಬೆಳ್ಯೋದೂ ಒಂದ್ ಬೆಳೇನಾ ಮಗಾ?"

ಅವರ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಹೇಗೆ ಬೆಳೆಯುವುದು ಎಂಬುದನ್ನು ಹೇಳಿಬಿಡುತ್ತೇನೆ. ಊಟದ ಹೊತ್ತಾದರೆ ನೀವು ಕೇಳುವುದಿಲ್ಲ.

ಬಟಾಣಿಗೆ ಚಳಿ ಬೇಕು. ಹಾಸನಕ್ಕೆ ಬಡವರ ಊಟಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದೇವೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವುದರೊಳಗೆ ಬೀಜ ಹಾಕಿದರೆ ಮಾಗಿಯ ಮಂಜಿನಲ್ಲಿ ಗಿಡ ಬೆಳೆದು, ಜನವರಿಯಲ್ಲಿ ಕಾಯಿ ಬಿಡುತ್ತದೆ. ಸಂಕ್ರಾಂತಿ ಕಳೆದ ಮೇಲೆ ಹಾಕಿದರೆ ಹೂ ಬಿಡುವ ಹೊತ್ತಿಗೆ ಬಿಸಿಲೇರಿ ಹೂ ಉದುರುತ್ತದೆ. ಹೊಳೆನರಸೀಪುರ ಹಾಸನಕ್ಕಿಂತ ಒಂದಿಷ್ಟು ತಗ್ಗಿನಲ್ಲಿದೆ, ಬಿಸಿಲು ಹೆಚ್ಚು. ಅಲ್ಲಿಯವರು ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ ಬಕೆಟ್ ಇಟ್ಟರೆ ಒಳ್ಳೆಯದು. ಕುಂಡದ ಅನುಕೂಲವೇ ಇದು. ಹೊಲವನ್ನು ಎತ್ತಿ ನೆರಳಿಗೆ ಇಡಲಾಗುವುದಿಲ್ಲ, ಬಕೆಟ್ಟನ್ನು ಇಡಬಹುದು.

ದುಡ್ಡು ಕೊಟ್ಟು ಕುಂಡ ಕೊಳ್ಳಬೇಡಿ. ಬಣ್ಣದ ಬಕೆಟ್, ಎಣ್ಣೆ ಡಬ್ಬ, ಒಡೆದ ಬಿಂದಿಗೆ, ಅರ್ಧಕ್ಕೆ ಮಡಿಸಿದ ಸಿಮೆಂಟ್ ಚೀಲ, ಯಾವುದಾದರೂ ಆದೀತು. ಒಂದಡಿ ಆಳ ಇದ್ದರೆ ಸಾಕು. ಬಣ್ಣದ ಬಕೆಟ್ಟಾದರೆ ಕೆರೆದು ತೊಳೆಯಿರಿ. ಮೊಳೆ ಕಾಯಿಸಿ ತಳಕ್ಕೆ ಏಳೆಂಟು ತೂತು ಮಾಡಿ. ಎರಡು ಇಟ್ಟಿಗೆಯ ಮೇಲೆ ಕೂರಿಸಿ. ತಾರಸಿಗೆ ನೀರಿಳಿಯುವುದಿಲ್ಲ, ಮನೆಯ ಮಾಲೀಕರ ಬಾಯಿಯೂ ಮುಚ್ಚಿರುತ್ತದೆ.

ಮಣ್ಣಿನ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ. ಹೊಲದ ಮಣ್ಣನ್ನೇ ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿಯಾಗಿ ಬೇರಿಗೆ ಉಸಿರಾಡಲು ಜಾಗವಿರುವುದಿಲ್ಲ. ಕೆರೆಗೋಡು ಹೊಲಕ್ಕೆ ಚಿನ್ನ, ಕುಂಡಕ್ಕೆ ಅಂಟು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಈ ಪುಡಿಯನ್ನು ನರ್ಸರಿಯವರು ಇಟ್ಟಿಗೆಯ ಆಕಾರದಲ್ಲಿ ಮಾರುತ್ತಾರೆ. ಚನ್ನರಾಯಪಟ್ಟಣದ ಕಡೆಯವರು ಅದನ್ನು ದುಡ್ಡು ಕೊಟ್ಟು ಕೊಳ್ಳುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ನಾರು ಬಿಡಿಸುವ ಕಡೆ ಕೇಳಿದರೆ ಚೀಲ ತುಂಬಿ ಕೊಡುತ್ತಾರೆ. ತಂದದ್ದನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಅದರಲ್ಲಿ ಉಪ್ಪಿನ ಅಂಶವಿರುತ್ತದೆ.

ಬೀಜ ಯಾವುದು? ಬೇಗ ಬರಬೇಕಾದರೆ ಅರ್ಕೆಲ್. ಗಿಡ ಗಿಡ್ಡ, ಎರಡು ತಿಂಗಳೊಳಗೆ ಕೊಯ್ಲು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಅಜಿತ್ ಇದೆ. ಅದು ತಡ, ಸುಮಾರು ಮೂರು ತಿಂಗಳು. ಆದರೆ ಬೂದಿರೋಗ ಮತ್ತು ತುಕ್ಕುರೋಗವನ್ನು ತಡೆದುಕೊಳ್ಳುತ್ತದೆ. ಅದೇ ಸಂಸ್ಥೆಯ ಅರ್ಕಾ ಸಂಪೂರ್ಣ ಎಂಬುದನ್ನು ಸಿಪ್ಪೆ ಸಮೇತ ತಿನ್ನಬಹುದು. ಪ್ಯಾಕೆಟ್ಟಿನ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಬಳಿದಿದ್ದರೆ ಅದು ಔಷಧ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಇನ್ನೊಂದು ಎಚ್ಚರಿಕೆ. ನರ್ಸರಿಯಲ್ಲಿ ಸ್ವೀಟ್ ಪೀ ಎಂಬ ಹೂವಿನ ಬೀಜ ಸಿಗುತ್ತದೆ. ಬಳ್ಳಿಯೂ ಕಾಯಿಯೂ ಬಟಾಣಿಯಂತೆಯೇ ಇರುತ್ತವೆ. ಅದು ವಿಷ, ನೋಡಲು ಮಾತ್ರ.

ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿ, ಅದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿ ಬಿಡಬೇಡಿ. ಒಂದಂಗುಲ ಆಳ, ಮೂರಂಗುಲ ಅಂತರ, ಬಕೆಟ್ಟಿಗೆ ಆರೇಳು. ಸಸಿ ಕಿತ್ತು ನೆಡುವ ಬೆಳೆಯಲ್ಲ ಇದು, ನೇರ ಅಲ್ಲೇ ಹಾಕಬೇಕು. ಮೊಳಕೆಯೊಡೆದ ವಾರ ಅಳಿಲು, ಮೈನಾ, ಪಾರಿವಾಳ ಎಲ್ಲವೂ ನಿಮ್ಮ ತಾರಸಿಯ ವಿಳಾಸ ಕಂಡುಹಿಡಿಯುತ್ತವೆ. ಹಳೆಯ ಸೊಳ್ಳೆಪರದೆ ಮುಚ್ಚಿ.

ಬೀಜ ಹಾಕುವ ಮೊದಲು ರೈಜೋಬಿಯಂ ಹಚ್ಚಿದರೆ ಒಳ್ಳೆಯದು. ಸ್ವಲ್ಪ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಹಾಕುವುದು. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಆದರೆ ಬಟಾಣಿಯದ್ದೇ ಬೇಕೆಂದು ಕೇಳಿ. ಅವರೆಯ ಬೇರಿಗೆ ಬರುವ ಸೂಕ್ಷ್ಮಜೀವಿ ಬೇರೆ, ಬಟಾಣಿಯದ್ದು ಬೇರೆ. ಈ ನೆಲದಲ್ಲಿ ಎಷ್ಟೋ ಕಾಲದಿಂದ ಅವರೆ ಬೆಳೆದಿದ್ದರೂ ಬಟಾಣಿಗೆ ಬೇಕಾದದ್ದು ಮಣ್ಣಲ್ಲಿ ಇರಲೇಬೇಕೆಂದಿಲ್ಲ. ಗಿಡ ಒಂದೂವರೆ ತಿಂಗಳಾದಾಗ ಒಂದನ್ನು ಬೇರು ಸಮೇತ ಎತ್ತಿ ನೋಡಿ. ಬೇರಿನ ಮೇಲೆ ಸಾಸಿವೆ ಕಾಳಿನಂಥ ಗಂಟುಗಳಿರುತ್ತವೆ. ಉಗುರಿನಿಂದ ಚಿವುಟಿದರೆ ಒಳಗೆ ನಸುಗೆಂಪು. ಅದು ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನ ದಾಯಾದಿ. ಕೆಂಪಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ ಎಂದರ್ಥ. ಒಳಗೆ ಬಿಳಿಯೋ ಹಸಿರೋ ಇದ್ದರೆ ನಡೆಯುತ್ತಿಲ್ಲ. ಅಕ್ಕಡಿ ಸಾಲಿನ ಅವರೆ ಪಕ್ಕದ ರಾಗಿಗೆ ಏನು ಉಪಕಾರ ಮಾಡುತ್ತಿತ್ತು ಎಂಬುದನ್ನು ಈ ಒಂದು ಗಂಟು ತೋರಿಸುತ್ತದೆ. ಇಂಥ ಗಿಡಕ್ಕೆ ಯೂರಿಯಾ ಹಾಕಿದರೆ ಗಂಟು ಕಟ್ಟುವುದನ್ನೇ ಕಡಿಮೆ ಮಾಡಿ ಸೊಪ್ಪು ಬೆಳೆಸುತ್ತದೆ. ಮನೆಯಲ್ಲಿ ಅನ್ನ ಇಟ್ಟುಕೊಂಡು ಹೋಟೆಲಿಗೆ ಹೋದ ಹಾಗೆ. ನಮ್ಮವರಿಗೆ ಯೂರಿಯಾದ ಮೇಲೆ ಇರುವ ಪ್ರೀತಿ ನನಗೆ ಗೊತ್ತು, ಆದರೂ ಹೇಳುತ್ತಿದ್ದೇನೆ.

ಆಸರೆಗೆ ದಪ್ಪ ಬಿದಿರು ನೆಡಬೇಡಿ. ಬಟಾಣಿಯ ನುಲಿಬಳ್ಳಿ ನೂಲಿನಷ್ಟು ಸಣ್ಣದು, ಸಣ್ಣದನ್ನೇ ಹಿಡಿಯುತ್ತದೆ. ಕವಲೊಡೆದ ತೊಗರಿ ಕಡ್ಡಿ ಎಲ್ಲಕ್ಕಿಂತ ಉತ್ತಮ. ನೀರು ಬೆಳಿಗ್ಗೆ ಹಾಕಿ. ಹೂವು ಬಿಟ್ಟ ಮೇಲೆ ಒಂದು ದಿನವೂ ತಪ್ಪಿಸಬೇಡಿ. ಎಲೆಯ ಮೇಲೆ ವಿಭೂತಿ ಉದುರಿಸಿದಂತೆ ಕಂಡರೆ ಅದೇ ಬೂದಿರೋಗ. ಆ ಎಲೆಗಳನ್ನು ಕಿತ್ತು, ನೀರಿನಲ್ಲಿ ಕಲಸುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಂಜೆ ಹೊತ್ತು ಸಿಂಪಡಿಸಬಹುದು. ಕೊಯ್ಲು ಹತ್ತಿರವಿದ್ದರೆ ಬೇಡ.

ಹೂವು ಕಂಡ ಸುಮಾರು ಮೂರು ವಾರಕ್ಕೆ ಕಾಯಿ ತುಂಬುತ್ತದೆ. ಕೆಳಗಿನವು ಮೊದಲು. ಎಳೆದರೆ ಬಳ್ಳಿಯೇ ಕಿತ್ತು ಬರುತ್ತದೆ, ಕತ್ತರಿಸಿ. ಕಿತ್ತ ಕ್ಷಣದಿಂದ ಕಾಳಿನೊಳಗಿನ ಸಕ್ಕರೆ ಹಿಟ್ಟಾಗತೊಡಗುತ್ತದೆ. ಲಾರಿಯಲ್ಲಿ ಎರಡು ದಿನ ಪಯಣಿಸಿ ಸಂತೆಗೆ ಬಂದ ಬಟಾಣಿಗೂ ಗಿಡದ ಪಕ್ಕದಲ್ಲೇ ನಿಂತು ಸುಲಿದು ಬಾಯಿಗೆ ಹಾಕಿಕೊಂಡದ್ದಕ್ಕೂ ಇರುವ ವ್ಯತ್ಯಾಸ ಇದರಿಂದಲೇ. ಮುಗಿದ ಗಿಡವನ್ನು ಕೀಳದೆ ಬುಡಕ್ಕೆ ಕತ್ತರಿಸಿ. ಬೇರು ಒಳಗೇ ಕೊಳೆಯಲಿ. ಅದೇ ಬಕೆಟ್ಟಿಗೆ ದಂಟಿನ ಬೀಜ ಎರಚಿ.

ಈಗ ಲೆಕ್ಕ. ರೈತರು ಕೂತಿದ್ದೀರಿ, ಕೇಳದೆ ಬಿಡುವುದಿಲ್ಲ. ನಮ್ಮ ತಾರಸಿಯಲ್ಲಿ ಒಂದು ಬಕೆಟ್ಟಿಗೆ ಸಿಕ್ಕಿದ್ದು ಹೆಚ್ಚೆಂದರೆ ಕಾಲು ಕೆ.ಜಿ. ಕಾಯಿ. ಸುಲಿದರೆ ಅರ್ಧಕ್ಕೂ ಕಡಿಮೆ ಕಾಳು. ನಾಲ್ಕು ಜನಕ್ಕೆ ಒಂದು ಹೊತ್ತು ಸಾಗು ಮಾಡಲು ಎರಡು ಬಕೆಟ್ ಬೇಕು. ಗೊಬ್ಬರ, ಬೀಜ, ಎರಡು ತಿಂಗಳ ನೀರು ಸೇರಿಸಿದರೆ ಸಂತೆಯಲ್ಲಿ ಕೊಳ್ಳುವುದೇ ಅಗ್ಗ. ಮನೆಯ ತರಕಾರಿ ಖರ್ಚೆಲ್ಲಾ ತಾರಸಿಯಲ್ಲೇ ಕಳೆಯಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವ್ವನ ಪ್ರಶ್ನೆಗೆ ಉತ್ತರವೂ ಇದೇ: ಹೊಟ್ಟೆ ತುಂಬಿಸುವ ಲೆಕ್ಕದಲ್ಲಿ ಇದು ಬೆಳೆಯಲ್ಲ.

ಆದರೆ ಅವ್ವ ಏನು ಮಾಡಿದರು ಎಂದು ಹೇಳುತ್ತೇನೆ. ಮೂರನೇ ದಿನ ನನಗೆ ಹೇಳದೆ ಮೆಟ್ಟಿಲು ಹತ್ತಿ ಹೋಗಿ ಮಣ್ಣು ಕೆದಕಿ ನೋಡಿದ್ದರು. "ಮೊಳ್ಕೆ ಕಣ್ ಬಿಟ್ಟದೆ" ಎಂದರು. ಅದು ಆ ತಿಂಗಳಲ್ಲಿ ಅವರಾಗಿ ಆಡಿದ ಮೊದಲ ಮಾತು. ಹದಿನೈದು ದಿನಕ್ಕೆ ಕೆಳಮನೆಯ ಹುಡುಗಿ, ಪಕ್ಕದ ಬೀದಿಯ ಇಬ್ಬರು ಹೆಂಗಸರು ಕಡ್ಡಿ ನೆಡುವುದನ್ನು ಕೇಳಲು ಅವರ ಹತ್ತಿರ ಬರತೊಡಗಿದರು. ನನ್ನ ಹತ್ತಿರ ಅಲ್ಲ, ಅವರ ಹತ್ತಿರ. ಕಾಯಿ ಬಂದಾಗ ಸೊಗಡಿಲ್ಲ ಎಂದು ಮುಖ ಸಿಂಡರಿಸಿದರು, ಅದು ಬೇರೆ. ಅವರಿಗೆ ಅವರೆಯ ಸೊಗಡೇ ಸೊಗಡು. ಮಂಜು ಬಿದ್ದ ಬೆಳಗಿನಲ್ಲಿ ಕಿತ್ತು, ಕೈಯೆಲ್ಲಾ ಅಂಟಂಟಾಗಿ, ಹಿತಕಿ ಸಾರು ಮಾಡಿದರೆ ಬೀದಿಯ ಕೊನೆಗೆ ಗೊತ್ತಾಗಬೇಕು. ನಾಟಿ ಅವರೆಯನ್ನು ಬಕೆಟ್ಟಿಗೆ ಹಾಕಿದರೆ ಆಗುವುದಿಲ್ಲ. ಅದು ಹಗಲು ಚಿಕ್ಕದಾಗುವವರೆಗೂ ಹೂ ಬಿಡದೆ ಹಬ್ಬುತ್ತಲೇ ಇರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಗಿಡ್ಡ ಜಾತಿ, ಯಾವ ಕಾಲದಲ್ಲೂ ಹೂ ಬಿಡುತ್ತವೆ, ಬಕೆಟ್ಟಿಗೂ ಒಗ್ಗುತ್ತವೆ. ನಾಟಿ ಅವರೆಯ ಬೀಜ ಯಾರ ಮನೆಯ ಗುಡಾಣದಲ್ಲಾದರೂ ಬೂದಿ ಸವರಿ ಇಟ್ಟಿದ್ದರೆ ದಯವಿಟ್ಟು ಈ ವರ್ಷ ಬೇಲಿಯ ಸಾಲಿಗಾದರೂ ಹಾಕಿ. ಅದು ಪ್ಯಾಕೆಟ್ಟಿನಲ್ಲಿ ಸಿಗುವ ವಸ್ತುವಲ್ಲ.

ಇನ್ನು ಮಕ್ಕಳೇ, ನಿಮ್ಮ ಪಾಠದ ಮೆಂಡಲ್. ಗಡ್ಡವಿಲ್ಲದ, ಕನ್ನಡಕದ ಆ ಪಾದ್ರಿಯ ಚಿತ್ರ ನೋಡಿ ದೊಡ್ಡ ಮನೆತನದವನು ಎಂದುಕೊಂಡಿದ್ದೀರಿ. ಅವನೂ ರೈತನ ಮಗ. 1822ರಲ್ಲಿ ಹುಟ್ಟಿದ್ದು ಒಂದು ಹಳ್ಳಿಯಲ್ಲಿ, ಅದು ಈಗ ಚೆಕ್ ದೇಶದಲ್ಲಿದೆ. ಅವನ ಅಪ್ಪ ವಾರಕ್ಕೆ ಮೂರು ದಿನ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಓದಿಗೆ ದುಡ್ಡಿಲ್ಲದಾಗ ತಂಗಿ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದಿಷ್ಟನ್ನು ಬಿಟ್ಟುಕೊಟ್ಟಳು. ಈ ಸಭೆಯಲ್ಲಿ ಅಂಥ ಅಕ್ಕತಂಗಿಯರು ಎಷ್ಟು ಜನ ಕೂತಿದ್ದೀರೋ! ಪೂರ್ಣಾವಧಿ ಶಿಕ್ಷಕನಾಗುವ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲೇ ಇಲ್ಲ. ಎರಡನೇ ಸಲ ಪರೀಕ್ಷೆಗೆ ಹೋಗಿದ್ದು 1856ರಲ್ಲಿ. ಬಟಾಣಿಯ ಪ್ರಯೋಗ ಶುರುವಾದದ್ದೂ ಅದೇ ವರ್ಷ. ಎಂಟು ವರ್ಷ ನಡೆಸಿ 1865ರಲ್ಲಿ ಓದಿ ಹೇಳಿದ. ಯಾರೂ ಕಿವಿಗೊಡಲಿಲ್ಲ. 1884ರಲ್ಲಿ ತೀರಿಕೊಂಡ. ಲೋಕ ಒಪ್ಪಿದ್ದು 1900ರಲ್ಲಿ. ಮಠದ ಹಿತ್ತಲಿನ ಪಾತಿಯ ಜೊತೆಗೆ ಕೆಲವು ಗಿಡಗಳನ್ನು ಅವನೂ ಕುಂಡದಲ್ಲಿಯೇ ಬೆಳೆಸಿದ್ದ. ಹೂ ಬಿಡುವ ಕಾಲಕ್ಕೆ ಹುಳ ಮುಟ್ಟದಂತೆ ಅವುಗಳನ್ನು ಗಾಜಿನ ಮನೆಯೊಳಗೆ ಇಡುತ್ತಿದ್ದ.

ಈ ಪ್ರಯೋಗವನ್ನು ನಮ್ಮ ಶಾಲೆಯಲ್ಲಿ ಮಾಡಬಹುದು. ಅರ್ಕೆಲ್‌ನ ಒಣ ಬೀಜ ಸುಕ್ಕು. ದಿನಸಿ ಅಂಗಡಿಯ ಬಿಳಿ ಬಟಾಣಿ ಗುಂಡು, ಅದರಲ್ಲಿ ಹೊಸದಾದದ್ದು ಮೊಳೆಯುತ್ತದೆ. ಒಂಬತ್ತನೇ ತರಗತಿಯವರು ನವೆಂಬರಿನಲ್ಲಿ ಎರಡನ್ನೂ ಹಾಕಲಿ. ಸುಕ್ಕು ಬೀಜದ ಗಿಡದಲ್ಲಿ ಇನ್ನೂ ಅರಳದ ಮೊಗ್ಗನ್ನು ಬಿಡಿಸಿ, ಹತ್ತು ಕೇಸರಗಳನ್ನು ಚಿಮಟಿಯಿಂದ ತೆಗೆದು, ಮರುದಿನ ಗುಂಡು ಬೀಜದ ಗಿಡದ ಪರಾಗ ಮುಟ್ಟಿಸಿ ದಾರ ಕಟ್ಟಲಿ. ಹತ್ತು ಮೊಗ್ಗಿನಲ್ಲಿ ಮೂರು ಕಾಯಿ ಕಟ್ಟಿದರೆ ಸಂತೋಷಪಡಿ. ಕಾಯಿ ಗಿಡದಲ್ಲೇ ಒಣಗಲಿ. ಬಿಡಿಸಿದರೆ ಎಲ್ಲವೂ ಗುಂಡು, ತಾಯಿ ಸುಕ್ಕಾಗಿದ್ದರೂ. ಅದೇ ಮಕ್ಕಳು ಹತ್ತನೇ ತರಗತಿಗೆ ಬಂದಾಗ ಆ ಬೀಜ ಬಿತ್ತಿ, ತನ್ನಷ್ಟಕ್ಕೆ ಕಾಯಿ ಕಟ್ಟಲು ಬಿಡಲಿ. ಈ ಸಲ ಒಂದೇ ಸಿಪ್ಪೆಯೊಳಗೆ ಗುಂಡೂ ಸುಕ್ಕೂ ಅಕ್ಕಪಕ್ಕ ಕೂತಿರುತ್ತವೆ, ಎಲ್ಲೋ ಹೋಗಿದ್ದ ಅಜ್ಜಿಯ ಮುಖ ಮೊಮ್ಮಗಳಲ್ಲಿ ಬಂದ ಹಾಗೆ. ಎಣಿಸಿ. ಮೆಂಡಲ್ 7324 ಬೀಜ ಎಣಿಸಿದ. ಗುಂಡು 5474, ಸುಕ್ಕು 1850. ನಿಮಗೆ ಇನ್ನೂರು ಸಿಕ್ಕರೂ ಮೂರಕ್ಕೆ ಒಂದರ ಹತ್ತಿರ ಬರುತ್ತೀರಿ. ಸರಿಯಾಗಿ ಬರದಿದ್ದರೆ ಏಕೆ ಬರಲಿಲ್ಲ ಎಂದು ಮೇಷ್ಟ್ರನ್ನು ಕೇಳಿ. ಆ ಪ್ರಶ್ನೆಯಿಂದ ಗಣಿತದ ಪಾಠವೂ ಶುರುವಾಗುತ್ತದೆ.

ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಸ್ವಾಗತ ಕಮಾನು ಕಟ್ಟಿಸುವ ಮಾತು ನಿನ್ನೆ ಬಂತು. ಕಟ್ಟಿಸಿ, ನನ್ನ ಪಾಲನ್ನೂ ಕೊಡುತ್ತೇನೆ. ಅದರ ಜೊತೆಗೆ ಒಂದು ಬೇಡಿಕೆ. ನಮ್ಮ ಬ್ಯಾಚಿನವರು ಈ ನಾಲ್ಕು ತಾಲ್ಲೂಕಿನಲ್ಲಿ ಮನೆ ಕಟ್ಟಿಸುತ್ತಲೇ ಇದ್ದೀರಿ. ಖಾಲಿಯಾದ ಬಣ್ಣದ ಬಕೆಟ್ಟನ್ನು ಗುಜರಿಗೆ ಹಾಕದೆ ಇಲ್ಲಿಗೆ ತಂದುಕೊಡಿ. ಮೂವತ್ತು ಬಕೆಟ್ಟಾದರೆ ಒಂಬತ್ತನೇ ತರಗತಿಯಲ್ಲಿ ಇಬ್ಬರಿಗೊಂದು ಬರುತ್ತದೆ. ದಕ್ಷಿಣದ ಜಗಲಿಯಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ, ನೋಡಿಕೊಂಡು ಬಂದಿದ್ದೇನೆ. ಬಿಸಿಯೂಟಕ್ಕೆ ಅದರಿಂದ ಬಟಾಣಿ ಸಾಲುವುದಿಲ್ಲ. ಒಂದು ದಿನದ ಉಪ್ಪಿಟ್ಟಿಗೆ ಅಲ್ಲೊಂದು ಇಲ್ಲೊಂದು ಕಾಳು ಬಿದ್ದೀತು. ಗೊಬ್ಬರ ಕಲಸುವುದು, ಕಡ್ಡಿ ನೆಡುವುದು ಇವನ್ನು ಹೇಳಿಕೊಡಲು ಊರಿನ ಅಜ್ಜಿಯರನ್ನು ಕರೆಸಿ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಅವರಲ್ಲಿ ಕೆಲವರು ಈ ಶಾಲೆಗೆ ಜಾಗ ಹಸನು ಮಾಡುವಾಗ ಕಲ್ಲು ಹೊತ್ತವರು, ಆದರೆ ಒಮ್ಮೆಯೂ ತರಗತಿಯ ಒಳಗೆ ಬಂದವರಲ್ಲ. ರಜೆಯಲ್ಲಿ ಮತ್ತು ಭಾನುವಾರ ನೀರು ಯಾರು ಹಾಕುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಎದುರು ಮನೆಯವರ ಜೊತೆ ಮಾತಾಡಬೇಕು. ಅದು ತೀರ್ಮಾನವಾಗದೆ ಬೀಜ ಹಾಕಬೇಡಿ.

ಅರ್ಕೆಲ್ ಬೀಜ ತಂದಿದ್ದೇನೆ, ಔಷಧ ಸವರದೇ ಇರುವುದು. ಊಟದ ಪೆಂಡಾಲಿನ ಬಲಗಡೆ ಮೇಜಿನ ಮೇಲೆ ಕಾಗದದ ಪೊಟ್ಟಣಗಳಿವೆ, ಒಂದರಲ್ಲಿ ಏಳು ಬೀಜ. ಮನೆಗೊಂದರಂತೆ ತೆಗೆದುಕೊಳ್ಳಿ. ತಿಂಗಳ ಕೊನೆಯೊಳಗೆ ಹಾಕಿಬಿಡಿ.